ಅಸೆಂಬ್ಲಿ ಭಾಷೆಯ ಕಲಿಕೆ ಮತ್ತು ಕನ್ನಡದ ಹೊಣೆ

ಗಣಕಯಂತ್ರದ ಸಂಸ್ಕಾರಕವು ನೇರವಾಗಿ ಪಾಲಿಸುವ ಆಜ್ಞೆಗಳಿಗೆ, ಮನುಷ್ಯರು ನೆನಪಿಡಬಲ್ಲ ಸಂಕೇತಪದಗಳನ್ನು ಕೊಟ್ಟು ರೂಪಿಸಿದ ಭಾಷೆಯೇ ಅಸೆಂಬ್ಲಿ. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಗೊಂಡಿತು. ಗೋಕಾಕ ತಾಲ್ಲೂಕಿನ ಮಮದಾಪುರದಂತಹ ಊರುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತಾಂತ್ರಿಕ ಶಿಕ್ಷಣವು ಭೌಗೋಳಿಕವಾಗಿ ಸಮೀಪವಾಯಿತು; ಭಾಷಿಕವಾಗಿ ಸಮೀಪವಾಯಿತೆ ಎಂಬುದು ಇಲ್ಲಿನ ಪ್ರಶ್ನೆ.

ಆಜ್ಞೆಗಳ ಪಟ್ಟಿಯನ್ನು ಕಂಠಪಾಠ ಮಾಡುವುದೇ ಕಲಿಕೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಪ್ರಯೋಗವನ್ನರಿಯದೆ ನಿಘಂಟನ್ನು ಬಾಯಿಪಾಠ ಮಾಡಿದಂತೆ. ಹೊಸಬರು ಒಂದೇ ಸಂಸ್ಕಾರಕವನ್ನು, ಉದಾಹರಣೆಗೆ ೧೯೭೬ರ ಇಂಟೆಲ್ ೮೦೮೫ ಅನ್ನು, ಆರಿಸಿಕೊಳ್ಳಬೇಕು. ಕಾಗದದ ಮೇಲೆ ರಿಜಿಸ್ಟರುಗಳ ಕೋಷ್ಟಕ ಬರೆದು, ಪ್ರತಿ ಆಜ್ಞೆಯ ತರುವಾಯ ಯಾವ ಬೆಲೆ ಬದಲಾಯಿತೆಂದು ತಾವೇ ಗುರುತಿಸಬೇಕು. ಯಂತ್ರದ ಮುಂದೆ ಕೂರುವುದು ಆಮೇಲಿನ ಮಾತು.

ಅಭ್ಯಾಸಕ್ಕೆ ಊರಿನ ಹೆಸರೇ ಸಾಕು. ‘ಮಮದಾಪುರ’ ಎಂಬುದು ಯುನಿಕೋಡಿನಲ್ಲಿ ಏಳು ಸಂಕೇತಗಳು. ಯುಟಿಎಫ್-೮ ರೂಪದಲ್ಲಿ ಸಂಕೇತಕ್ಕೆ ಮೂರರಂತೆ ಇಪ್ಪತ್ತೊಂದು ಬೈಟುಗಳು. ಪ್ರತಿ ಕನ್ನಡ ಸಂಕೇತದ ಮೊದಲ ಬೈಟಿನ ಬೆಲೆ ೨೨೪. ಒಂದೊಂದೇ ಬೈಟನ್ನು ತಂದು, ೨೨೪ರೊಡನೆ ಹೋಲಿಸಿ, ಸಮವಾದರೆ ಎಣಿಕೆಗೆ ಒಂದನ್ನು ಕೂಡಿಸಿ, ಇಪ್ಪತ್ತೊಂದು ಮುಗಿಯುವತನಕ ಮರಳಬೇಕು. ತರುವುದು, ಹೋಲಿಸುವುದು, ಕೂಡಿಸುವುದು, ಮರಳುವುದು: ಅಸೆಂಬ್ಲಿಯ ತಿರುಳು ಇಷ್ಟರಲ್ಲೇ ಅಡಗಿದೆ.

ಉತ್ತರ ಏಳು ಬರುತ್ತದೆ. ಆದರೆ ಅಕ್ಷರಗಳು ಐದೇ. ದೀರ್ಘ ಮತ್ತು ಉಕಾರದ ಚಿಹ್ನೆಗಳನ್ನು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಸ್ವರಚಿಹ್ನೆಗಳನ್ನು ಬಿಡುವ ಅದೇ ನಿಯಮವನ್ನು ‘ಹುಕ್ಕೇರಿ’ಗೆ ಅನ್ವಯಿಸಿದರೆ ಮೂರರ ಬದಲು ಐದು ಬರುತ್ತದೆ, ಏಕೆಂದರೆ ಒತ್ತಕ್ಷರದಲ್ಲಿ ಎರಡು ವ್ಯಂಜನಗಳೂ ಅವನ್ನು ಕೂಡಿಸುವ ವಿರಾಮಚಿಹ್ನೆಯೂ ಇವೆ. ಇಲ್ಲಿ ದೋಷವಿರುವುದು ಯಂತ್ರದಲ್ಲಲ್ಲ, ನಾವು ಕೊಟ್ಟ ಅಕ್ಷರದ ವ್ಯಾಖ್ಯೆಯಲ್ಲಿ. ಅದನ್ನು ತಿದ್ದಬಲ್ಲವರು ವ್ಯಾಕರಣ ಬಲ್ಲವರು.

ಮುಂದಿನ ವ್ಯಾಸಂಗಕ್ಕೆ ಇಂಗ್ಲಿಷ್ ಅನಿವಾರ್ಯವೆಂಬ ಆಕ್ಷೇಪವುಂಟು. ಆಜ್ಞೆಗಳ ಹೆಸರುಗಳು ಇದ್ದಂತೆಯೇ ಇರಲಿ. ಕೃತಕ ಪಾರಿಭಾಷಿಕಗಳನ್ನು ಹೇರುವ ಅಗತ್ಯವಿಲ್ಲ. ವಿವರಣೆ ಮಾತ್ರ ವಿದ್ಯಾರ್ಥಿ ಆಲೋಚಿಸುವ ಭಾಷೆಯಲ್ಲಿರಲಿ. ಎರಡು ಅಪರಿಚಿತ ಭಾಷೆಗಳನ್ನು ಏಕಕಾಲಕ್ಕೆ ಎದುರಿಸುವವನು ಸೋತಾಗ, ಅವನಿಗೆ ತರ್ಕಶಕ್ತಿಯಿಲ್ಲವೆಂದು ತೀರ್ಮಾನಿಸುವುದು ಅನ್ಯಾಯ.

ಆದ್ದರಿಂದ ಕನ್ನಡ ವಿಭಾಗಗಳು ತಾಂತ್ರಿಕ ಅಧ್ಯಾಪಕರೊಡನೆ ಕೂಡಿ, ಇಂತಹ ಅಭ್ಯಾಸಗಳ ಕಿರುಪುಸ್ತಕವೊಂದನ್ನು ಸಿದ್ಧಪಡಿಸುವುದು ಅಪೇಕ್ಷಣೀಯ. ಕಾಗುಣಿತ ಕಲಿಸುವ ಹೊಣೆ ನಮ್ಮದಾಗಿರುವಂತೆ, ಯಂತ್ರಕ್ಕೆ ಕಾಗುಣಿತ ತಿಳಿಸಬಲ್ಲವರನ್ನು ರೂಪಿಸುವ ಹೊಣೆಯೂ ನಮ್ಮದೇ.