ಹರಿಯಾಣದಲ್ಲಿ ನಿಕೋಬಾರ್ ಬೆಳೆಯುವುದಿಲ್ಲ

ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಉಡುಪಿ, ಕಾರ್ಕಳದ ಕಡೆ ಕಲ್ಲಣಬೆ ಮಾರಾಟಕ್ಕೆ ಬರುತ್ತದೆ. ಮಣ್ಣು ಮೆತ್ತಿದ, ಗೋಲಿಯಂತೆ ಉರುಟಾದ ಈ ಅಣಬೆಯ ಬೆಲೆ ಕೇಳಿದರೆ ಕೋಳಿಯೇ ಅಗ್ಗ ಅನ್ನಿಸುತ್ತದೆ. ಬಟನ್ ಅಣಬೆಯಂತೆ ಇದನ್ನು ಶೆಡ್ಡಿನಲ್ಲಿ ಬೆಳೆಸಲು ಬರುವುದಿಲ್ಲ. ಇದಕ್ಕೆ ಕಿರಾಲುಬೋಗಿಯಂಥ ಮರದ ಜೀವಂತ ಬೇರು ಬೇಕು, ಆ ಮುರಕಲ್ಲಿನ ಮಣ್ಣು ಬೇಕು, ಆ ಮಳೆ ಬೇಕು. ಇದರ ಹತ್ತಿರದ ಬಂಧುಗಳು ಸಾಲ್ ಮರದ ಕಾಡುಗಳಲ್ಲಿವೆ: ರಾಂಚಿಯಲ್ಲಿ ರುಗಡಾ, ಬಸ್ತಾರ್‌ನಲ್ಲಿ ಬೋಡಾ. ಹೆಕ್ಕಿ ಮಾರುವ ಹೆಂಗಸರಿಗೆ ಯಾವ ಮರದ ಬುಡ ಕೆದಕಬೇಕೆಂದು ಗೊತ್ತು.

ಗೊತ್ತಿಲ್ಲದಿರುವುದು ಕಾಡಿನ ಲೆಕ್ಕ ಬರೆಯುವವರಿಗೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಗ್ರೇಟ್ ನಿಕೋಬಾರ್ ದ್ವೀಪದ ಸುಮಾರು 130 ಚದರ ಕಿಲೋಮೀಟರ್ ಕಾಡನ್ನು ಬಂದರು, ವಿಮಾನ ನಿಲ್ದಾಣ, ಪಟ್ಟಣಗಳಿಗೆ ಬಿಟ್ಟುಕೊಡಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಬದಲಿ ಕಾಡು ಎಲ್ಲಿ? ಎರಡು ಸಾವಿರ ಕಿಲೋಮೀಟರಿಗೂ ಆಚೆ, ಹರಿಯಾಣದಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ದ್ವೀಪದ ಕಾಡಿಗೆ, ಅದರ ಕಾಲುಭಾಗವೂ ಮಳೆ ಕಾಣದ ನೆಲ ಸಾಟಿಯಂತೆ. ಹೆಕ್ಟೇರಿಗೆ ಹೆಕ್ಟೇರ್ ಸರಿಹೋದರೆ ಕಡತ ಮುಚ್ಚಬಹುದು.

ಮರಗಳನ್ನಷ್ಟೇ ಎಣಿಸುವ ಈ ಲೆಕ್ಕದಲ್ಲಿ ಮಣ್ಣೊಳಗಿನ ಶಿಲೀಂಧ್ರಗಳಿಗೆ ಜಾಗವೇ ಇಲ್ಲ. ಉದುರಿದ ಎಲೆಯನ್ನೂ ಸತ್ತ ದಿಮ್ಮಿಯನ್ನೂ ಕೊಳೆಸಿ ಮಣ್ಣಿಗೆ ಮರಳಿಸುವುದು ಹೆಚ್ಚಿನಂಶ ಅವು. ಬೇರಿಗೆ ಅಂಟಿಕೊಂಡ ಇನ್ನು ಕೆಲವು ಮರಕ್ಕೆ ರಂಜಕವನ್ನೂ ಸಾರಜನಕವನ್ನೂ ಒದಗಿಸಿ, ಬದಲಿಗೆ ಸಕ್ಕರೆ ಪಡೆಯುತ್ತವೆ. ಎಲ್ಲ ಕಾಡಿನಲ್ಲೂ ಇವು ಒಂದೇ ಅಲ್ಲ. ಎಸ್ಟೋನಿಯಾದ ಲೆಹೊ ಟೆಡರ್ಸೂ ನೇತೃತ್ವದ ತಂಡ ಜಗತ್ತಿನ 365 ತಾಣಗಳ ಮಣ್ಣನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನೇ. ಯಾವ ಶಿಲೀಂಧ್ರ ಎಲ್ಲಿರಬೇಕೆಂದು ಮೊದಲು ತೀರ್ಮಾನಿಸುವುದು ಹವಾಮಾನ, ಮುಖ್ಯವಾಗಿ ಮಳೆ. ಆಮೇಲೆ ಮಣ್ಣಿನ ಹುಳಿ-ಕ್ಷಾರ ಗುಣ ಮತ್ತು ಸುಣ್ಣದ ಅಂಶ. ಬೇರಿನ ಸುತ್ತ ಕವಚ ಕಟ್ಟುವ ಬಗೆಗಳಿಗಂತೂ ತಕ್ಕ ಮರವೇ ಇರಬೇಕು. ಸಸ್ಯಗಳ ಬಗೆ ಹೆಚ್ಚಿದಷ್ಟೂ ಶಿಲೀಂಧ್ರಗಳೂ ಹೆಚ್ಚುತ್ತವೆಂಬ ಊಹೆ ಮಾತ್ರ ಒಟ್ಟಾರೆಯಾಗಿ ನಿಲ್ಲಲಿಲ್ಲ. ಅಂದರೆ 'ನಲವತ್ತು ಜಾತಿಯ ಸಸಿ ನೆಟ್ಟಿದ್ದೇವೆ' ಎಂಬ ಫಲಕ ನೆಲದೊಳಗಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬೀಜಕಣ ಗಾಳಿಯಲ್ಲಿ ಹಾರಿ ಬರುತ್ತದೆ, ಸಮಯ ಕೊಡಿ, ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹಾರಿ ಬರುವುದು ನಿಜ. ಬಂದದ್ದೆಲ್ಲ ಬದುಕುವುದಿಲ್ಲ, ಬೇಕಾದದ್ದೆಲ್ಲ ಬರುವುದೂ ಇಲ್ಲ. ಪೋರ್ಟೊ ರಿಕೋ ದ್ವೀಪದಲ್ಲಿ ನೆಟ್ಟ ಪೈನ್ ಸಸಿಗಳು ಹಳದಿಗಟ್ಟಿ ಸೊರಗುತ್ತಿದ್ದವು. 1950ರ ದಶಕದಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಪೈನ್ ಕಾಡಿನ ಮಣ್ಣನ್ನು ತಂದು ಬುಡಕ್ಕೆ ಹಾಕಿದ ಮೇಲೆಯೇ ಅವು ಚಿಗುರಿದ್ದು. ಅದೂ ಒಂದೇ ಮರದ ತೋಟ. ಕಾಡಿನ ಮಾತು ಬೇರೆ.

ಇನ್ನೊಂದು ಉತ್ತರ ನರ್ಸರಿಯಿಂದ ಬರುತ್ತದೆ: ಮೈಕೊರೈಜಾ ಪುಡಿ ಹಾಕಿದರಾಯಿತು. ಮಾರುಕಟ್ಟೆಯ ಪುಡಿಗಳಲ್ಲಿ ಹೆಚ್ಚಿನವು ಬೆಳೆಗಳಿಗೆಂದು ಮಾಡಿದವು, ಬೇರಿನ ಜೀವಕೋಶದೊಳಗೆ ನುಗ್ಗುವ ಬಗೆಯ ಬೆರಳೆಣಿಕೆಯ ಪ್ರಭೇದಗಳು. ಬೇರಿನ ಹೊರಗೆ ಕವಚ ಕಟ್ಟಿಸಿಕೊಳ್ಳುವ ಸಾಲಿಗಾಗಲಿ, ನಮ್ಮ ಘಟ್ಟದ ಧೂಪಕ್ಕಾಗಲಿ ಆ ಜೊತೆಗಾರನನ್ನು ಈ ಪುಡಿ ಕೊಡಲಾರದು. ಇಡೀ ಕಾಡನ್ನು ಪೊಟ್ಟಣದಲ್ಲಿ ತರಬಹುದೆಂದು ಹೇಳುವುದು ವ್ಯಾಪಾರ.

ಇದರಲ್ಲಿ ಹರಿಯಾಣದ ತಪ್ಪೇನೂ ಇಲ್ಲ. ದೆಹಲಿ, ಗುರುಗ್ರಾಮದ ಓದುಗರು ದಿನವೂ ನೋಡುವ ಅರಾವಳಿಯ ಕುರುಚಲು ಕಾಡಿಗೆ ತನ್ನದೇ ಮಣ್ಣಿದೆ, ಒಣ ಬೇಸಿಗೆಯನ್ನು ತಾಳುವ ತನ್ನದೇ ಶಿಲೀಂಧ್ರಗಳಿವೆ. ಅದನ್ನು ಕಾಯುವುದು ಸರ್ಕಾರದ ಕರ್ತವ್ಯ. ನಿಕೋಬಾರ್ ಕಡಿದದ್ದಕ್ಕೆ ದಂಡವಾಗಿ ಕಾಯಬೇಕೇಕೆ?

2016ರ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆಯಡಿ ಕೂಡಿದ ಹಣ ಸಾವಿರಾರು ಕೋಟಿ. ಅದರ ಒಂದು ಚೂರಿನಿಂದ, ಕಡಿಯುವ ಮೊದಲೇ, ಆ ಮಣ್ಣಿನ ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಬೇರೆಲ್ಲೂ ಸಿಗದ ಕಾಡೆಂದು ತೋರಿದರೆ ಅನುಮತಿ ನಿರಾಕರಿಸಬೇಕು. ನೆಡಲೇಬೇಕಾದಲ್ಲಿ ಅದೇ ಬಗೆಯ ಕಾಡಿನ ಸವೆದ ಅಂಚಿನಲ್ಲೇ ನೆಡಬೇಕು. ಆಗ ಹಳೆಯ ಮರದ ಬೇರಿನಿಂದ ಹೊಸ ಸಸಿಯ ಬೇರಿಗೆ ಶಿಲೀಂಧ್ರದ ಎಳೆ ತಾನಾಗಿ ಹರಿದೀತು. ಇದನ್ನು ಬರೆಯಲು ಅರ್ಜಿ ನಮೂನೆಯಲ್ಲಿ ಹೊಸದೊಂದು ಕಲಂ ಸಾಕು.