ಲೇಖನಿಯೂ ಬೊಕ್ಕಸವೂ

ಕಷ್ಟಕಾಲದಲ್ಲಿ ಪ್ರಜೆಗಳ ಕಣ್ಣು ಮೊದಲು ಹೊರಳುವುದು ಅಧಿಕಾರಾರೂಢನ ಕಡೆಗೆ. ಶಾಸನಸಭೆಯವರು ವಾದಿಸುತ್ತ ಕುಳಿತಿರುವಾಗ ಒಬ್ಬನ ರುಜುವಿನಿಂದ ಜನರ ಸಂಕಟವು ತೀರಬಾರದೇಕೆಂದು ಕೇಳುವವರು ಎಲ್ಲ ದೇಶಗಳಲ್ಲಿಯೂ ಉಂಟು. ಈ ಪ್ರಶ್ನೆಗೆ 2020ನೆಯ ಇಸವಿಯಲ್ಲಿ ಅಮೆರಿಕವು ಒದಗಿಸಿದ ಉತ್ತರವನ್ನು ನಮ್ಮ ವಾಚಕರು ಪರಾಂಬರಿಸುವುದು ಉಚಿತ.

ಕೊರೋನಾ ವ್ಯಾಧಿಯಿಂದ ಕೆಲಸ ಕಳೆದುಕೊಂಡವರಿಗೆ ವಾರಕ್ಕೆ 600 ಡಾಲರುಗಳನ್ನು ಹೆಚ್ಚಾಗಿ ಕೊಡುವಂತೆ ಅಲ್ಲಿಯ ಶಾಸನಸಭೆಯಾದ ಕಾಂಗ್ರೆಸ್ಸು ಆ ವರ್ಷದ ಮಾರ್ಚಿಯಲ್ಲಿ ಕಾನೂನು ಮಾಡಿತ್ತು. ಜುಲೈ ಮುಗಿಯುವ ವೇಳೆಗೆ ಅದರ ಅವಧಿಯೂ ಮುಗಿಯಿತು. ಪ್ರತಿನಿಧಿಸಭೆಯು ಮೇ ತಿಂಗಳಲ್ಲಿಯೇ ಹೊಸ ಮಸೂದೆಯನ್ನು ಅಂಗೀಕರಿಸಿದ್ದರೂ ಸೆನೆಟ್ ಸಭೆಯು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಸಂಧಾನವು ಮುರಿದುಬಿದ್ದ ಮೇಲೆ ಆಗಸ್ಟ್ 8ರಂದು ಅಧ್ಯಕ್ಷ ಟ್ರಂಪ್ ಮಹಾಶಯರು ನಾಲ್ಕು ನಿರೂಪಗಳಿಗೆ ರುಜು ಹಾಕಿದರು.

ನಿರೂಪವೇನೋ ಹೊರಟಿತು, ಹಣವೆಲ್ಲಿಂದ ಬರಬೇಕು? ಕಾನೂನಿನ ಮೂಲಕ ಮಂಜೂರಾದ ಹೊರತು ಬೊಕ್ಕಸದಿಂದ ಹಣ ತೆಗೆಯಕೂಡದೆಂದು ಅವರ ರಾಜ್ಯಾಂಗವು ಸ್ಪಷ್ಟವಾಗಿ ವಿಧಿಸಿದೆ. ಆದಕಾರಣ ಚಂಡಮಾರುತ, ಪ್ರವಾಹ ಮೊದಲಾದ ವಿಪತ್ತುಗಳಿಗೆಂದು ಮೀಸಲಾಗಿದ್ದ ನಿಧಿಗೆ ಕೈಹಾಕಿ, ಅದರಿಂದ 4,400 ಕೋಟಿ ಡಾಲರುಗಳವರೆಗೆ ಬಳಸಲು ಅಪ್ಪಣೆಯಾಯಿತು. ವಾರಕ್ಕೆ 400 ಡಾಲರುಗಳೆಂದು ಸಾರಿದುದರಲ್ಲಿ 100ನ್ನು ಆಯಾ ಸಂಸ್ಥಾನಗಳು ತೆರಬೇಕೆಂದಿತ್ತು. ತೆರಿಗೆಯ ಉತ್ಪತ್ತಿ ಕುಸಿದಿದ್ದ ಸಂಸ್ಥಾನಗಳು ಎಲ್ಲಿಂದ ತಂದಾವು? ಅವು ಮೊದಲೇ ಕೊಡುತ್ತಿದ್ದ ಭತ್ಯವನ್ನೇ ತಮ್ಮ ಪಾಲೆಂದು ಲೆಕ್ಕ ಹಿಡಿಯಲು ಬಳಿಕ ಅನುಮತಿ ದೊರೆಯಿತು. ಬಹುತೇಕ ಸಂಸ್ಥಾನಗಳಲ್ಲಿ ನಿರುದ್ಯೋಗಿಯ ಕೈಸೇರಿದ ಹೆಚ್ಚಳ 300 ಡಾಲರು ಮಾತ್ರ. ಅದೂ ಸುಮಾರು ಆರು ವಾರಗಳ ಮಟ್ಟಿಗೆ. ಬಾಡಿಗೆದಾರರ ವಿಷಯದ ನಿರೂಪವಂತೂ ಯಾರನ್ನೂ ಮನೆಯಲ್ಲಿ ಉಳಿಸುವಂಥದಾಗಿರಲಿಲ್ಲ. ತೆರವನ್ನು ತಡೆಯುವ ವಿಚಾರವನ್ನು ಆಲೋಚಿಸಿರೆಂದು ಇಲಾಖೆಗಳಿಗೆ ಸೂಚಿಸಿತು, ಅಷ್ಟೆ. ಸೆಪ್ಟೆಂಬರಿನಲ್ಲಿ ಆರೋಗ್ಯ ಇಲಾಖೆಯವರು ಹೊರಡಿಸಿದ ತಡೆಯಾಜ್ಞೆಯು, ಹಲವು ಬಾರಿ ಮುಂದುವರಿದು, 2021ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಲ್ಲಲಿಲ್ಲ.

ಟ್ರಂಪರು ಹಸಿದವರ ನೆವದಲ್ಲಿ ಚುನಾವಣೆಯನ್ನು ನೋಡುತ್ತಿದ್ದರೆಂದು ಹೇಳುವುದು ಸುಲಭ. ಸುಳ್ಳೂ ಅಲ್ಲದಿರಬಹುದು. ಆದರೆ ಅವರು ರುಜು ಹಾಕದೆ ಇದ್ದಿದ್ದರೆ ಆ ಆರು ವಾರಗಳ ಹಣವೂ ಬರುತ್ತಿರಲಿಲ್ಲವೆಂಬುದನ್ನು ಮರೆಯಕೂಡದು. ನಮ್ಮ ಮುಖ್ಯ ಆಕ್ಷೇಪಣೆಯು ಕಾಂಗ್ರೆಸ್ಸಿನ ಮೇಲೆ. ಬೊಕ್ಕಸದ ಬೀಗದಕೈಯನ್ನು ತಾನೊಬ್ಬನೇ ಇಟ್ಟುಕೊಳ್ಳುವೆನೆನ್ನುವವನು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುವ ಹೊಣೆಯನ್ನೂ ಹೊರಬೇಕು. ಆ ಬಾಗಿಲು ತೆರೆದುದು ಡಿಸೆಂಬರ್ 27ರಂದು, ಹೊಸ ಕಾನೂನಿಗೆ ಅಂಕಿತ ಬಿದ್ದಾಗ. ನಡುವಣ ತಿಂಗಳುಗಳ ಬಾಡಿಗೆಯನ್ನೂ ದಿನಸಿಯ ಬಾಕಿಯನ್ನೂ ಯಾರು ತೆತ್ತರು?

ನಮ್ಮ ಸಂವಿಧಾನದ 114ನೆಯ ವಿಧಿಯೂ ಶಾಸನದ ಮಂಜೂರಾತಿಯನ್ನೇ ಕೇಳುತ್ತದೆ. ಆದರೆ ಇಲ್ಲಿ 267ನೆಯ ವಿಧಿಯ ಆಕಸ್ಮಿಕ ನಿಧಿಯುಂಟು; ಸಂಸತ್ತು ಕೂಡಿಲ್ಲದಾಗ 123ನೆಯ ವಿಧಿಯ ಮೇರೆಗೆ ಸುಗ್ರೀವಾಜ್ಞೆಯುಂಟು, ಅದನ್ನೂ ಸಂಸತ್ತಿನ ಮುಂದಿಡಲೇಬೇಕು. ಅಮೆರಿಕದ ಅಧ್ಯಕ್ಷರಿಗೆ ಇಂಥ ಸುಗ್ರೀವಾಜ್ಞೆಯ ಅಧಿಕಾರವಿಲ್ಲ.

ಇನ್ನು ಉಳಿದದ್ದು ಸಂಬಳದ ಮೇಲಣ ತೆರಿಗೆಯ ನಿರೂಪ. ನೌಕರರ ಪಾಲಿನ ಶೇಕಡಾ 6.2ರ ತೆರಿಗೆಯನ್ನು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂದೂಡಲಾಯಿತು. ಮಾಫಿ ಮಾಡುವ ಅಧಿಕಾರ ಅಧ್ಯಕ್ಷರಿಗಿರಲಿಲ್ಲ. ಖಾಸಗಿ ಯಜಮಾನರಲ್ಲಿ ಅನೇಕರು ಇದರ ತಂಟೆಗೇ ಹೋಗಲಿಲ್ಲ. ಕೇಂದ್ರ ಸರ್ಕಾರದ ನೌಕರರಿಗೂ ಸೈನಿಕರಿಗೂ ಬೇಡವೆನ್ನುವ ಆಯ್ಕೆಯಿರಲಿಲ್ಲ. ನಾಲ್ಕು ತಿಂಗಳು ಅವರ ಸಂಬಳ ಕೊಂಚ ಹೆಚ್ಚಾಗಿ ಬಂದಿತು. 2021ರಲ್ಲಿ ಅದೇ ಹಣವನ್ನು ಅವರ ಸಂಬಳದಿಂದಲೇ ಮುರಿದುಕೊಳ್ಳಲಾಯಿತು.