ಕರಗಿಸುವ ಮೊದಲು ಇಸವಿ ನೋಡಿ

ಪೀಣ್ಯದಲ್ಲಿ ಮೂವತ್ತೊಂದು ವರ್ಷ ಡೈ ಕೆಲಸ ಮಾಡಿದವನು ನಾನು. ಅಜ್ಜಿಯ ಕಾಸಿನ ಸರದಲ್ಲಿ ಉಳಿದಿರುವ ಒಂದೇ ಸವರನ್ ಕೈಗೆ ಬಂದಾಗಲೂ ಕಣ್ಣು ಮೊದಲು ಹೋದದ್ದು ಅದರ ಡೈ ಕೆಲಸದ ಕಡೆಗೇ.

ಒಂದು ಮುಖದಲ್ಲಿ ಐದನೇ ಜಾರ್ಜ್ ದೊರೆ, ಇನ್ನೊಂದರಲ್ಲಿ ಕುದುರೆಯೇರಿದ ಸಂತ ಜಾರ್ಜ್. ಕೆಳಗೆ 1918. ಲೆನ್ಸ್ ಹಿಡಿದರೆ ಇಸವಿಯ ಮೇಲೆ, ನೆಲದ ಗೆರೆಯಲ್ಲಿ, ಸಾಸಿವೆಗಿಂತ ಸಣ್ಣ ‘ಐ’ ಅಕ್ಷರ ಕಾಣುತ್ತದೆ. ಇಂಡಿಯಾದ ಐ. ಮೊದಲ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಸಾಲದೆ ಬ್ರಿಟಿಷರು ಬೊಂಬಾಯಿಯಲ್ಲಿ ರಾಯಲ್ ಮಿಂಟಿನ ಶಾಖೆ ತೆರೆದರು. 1919ರಲ್ಲೇ ಅದನ್ನು ಮುಚ್ಚಿದರು. ಅಲ್ಲಿ ಒತ್ತಿದ ಸವರನ್ ಸುಮಾರು 13 ಲಕ್ಷ, ಎಲ್ಲದರ ಮೇಲೂ ಒಂದೇ ಇಸವಿ. ಅದಕ್ಕೂ ಮೊದಲು, ಲಂಡನ್ನಿನ ಡೈಗಳು ಬರುವುದು ತಡವಾಗಿ, ಅದೇ ತೂಕದ 15 ರೂಪಾಯಿ ಚಿನ್ನದ ನಾಣ್ಯ ಒತ್ತಿದ್ದರು. ಡೈ ಬರದೆ ಪ್ರೆಸ್ ನಿಂತ ಶಿಫ್ಟುಗಳನ್ನು ಕಂಡವನಿಗೆ ಆ ಟಂಕಸಾಲೆಯವರ ಪಾಡು ಅರ್ಥವಾಗುತ್ತದೆ.

ಸರದಲ್ಲಿ ಒಂಬತ್ತು ಕಾಸಿದ್ದವು. ಅಕ್ಕನ ಮದುವೆಗೆಂದು ಎಂಟನ್ನು ಅಂಗಡಿಗೆ ಒಯ್ದೆವು. ತೂಗಿದರು, ಮೂಸೆಗೆ ಹಾಕಿದರು. ಯಾವ ಇಸವಿ, ಎಲ್ಲಿಯ ಗುರುತು ಎಂದು ಅವರೂ ನೋಡಲಿಲ್ಲ, ನಾವೂ ಕೇಳಲಿಲ್ಲ. ಅದು ಇವತ್ತಿಗೂ ಕೊರೆಯುತ್ತದೆ.

ಮಾಗಡಿ, ಕುಣಿಗಲ್, ತುಮಕೂರು ಕಡೆಯ ಎಷ್ಟೋ ಸಂಸಾರಗಳು ಪೀಣ್ಯದ ಕೆಲಸ ನಂಬಿ ದಾಸರಹಳ್ಳಿಗೆ ಬಂದವು. ಅಜ್ಜಿಯರ ಚಿನ್ನವೂ ಟ್ರಂಕಿನೊಳಗೆ ಜೊತೆಗೇ ಬಂತು. ಈಗ ಮಕ್ಕಳ ಫೀಸಿಗೆ, ಸೈಟಿಗೆ ಅದು ಹೊರಗೆ ಬರುತ್ತಿದೆ. ಕಷ್ಟಕ್ಕೆ ಮಾರಬೇಡಿ ಎನ್ನಲು ನಾನ್ಯಾರು? ಆದರೆ ಹಳೇ ಚಿನ್ನ ಕೊಳ್ಳುವ ಪ್ರತಿ ಅಂಗಡಿಯೂ ರಸೀದಿಯಲ್ಲಿ ತೂಕದ ಜೊತೆ ನಾಣ್ಯದ ಇಸವಿ, ಗುರುತು ಬರೆಯಲೇಬೇಕು, ಎರಡೂ ಮುಖದ ಫೋಟೋ ತೆಗೆದಿಡಬೇಕು ಎಂಬ ನಿಯಮ ಬರಲಿ. ಎರಡು ನಿಮಿಷದ ಕೆಲಸ.

ಮನೆಯಲ್ಲೂ ನೋಡಬಹುದು. ಸವರನ್ ತೂಕ 7.98 ಗ್ರಾಂ, ಅಡ್ಡಳತೆ 22.05 ಮಿಲಿಮೀಟರ್. ಕೊಂಡಿ ಇದ್ದರೆ ತೂಕ ತಪ್ಪುತ್ತದೆ, ವರ್ನಿಯರ್ ನಂಬಿ. ‘ಐ’ ಕಂಡ ಮಾತ್ರಕ್ಕೆ ಹಳೆಯದಲ್ಲ. 2013ರಿಂದ ಎಂಎಂಟಿಸಿ-ಪಿಎಎಂಪಿ ಒತ್ತಿದ ಸವರನ್‌ಗಳಲ್ಲೂ ಅದಿದೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶದ ಮಗನಿಗೆಂದು ಸೂಟ್‌ಕೇಸಿಗೆ ಹಾಕಬೇಡಿ, 1972ರ ಪುರಾತನ ವಸ್ತುಗಳ ಕಾಯ್ದೆ ಅದಕ್ಕೆ ಬಿಡುವುದಿಲ್ಲ.

ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ಈ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ದೊರೆಯ ತಲೆಗೆ ಕೊಂಡಿ ಹಾಕಿ ಕೊರಳಿಗೆ ಕಟ್ಟಿಕೊಂಡದ್ದು ನಮ್ಮ ಹೆಣ್ಣುಮಕ್ಕಳು. ಅದನ್ನು ಅರದಿಂದ ಉಜ್ಜಿ ತೆಗೆಯುವುದು ಅವರನ್ನೇ ಅಳಿಸಿದಂತೆ.

ಹೋದ ಭಾನುವಾರ ಪಕ್ಕದ ಬೀದಿಯ ಅಮ್ಮನೊಬ್ಬರು ಎರಡು ಕಾಸು ತಂದಿದ್ದರು. ಎರಡೂ 1911ರವು. ಒಂದರಲ್ಲಿ ಗುರುತಿಲ್ಲ, ಲಂಡನ್ನಿನದು; ಇನ್ನೊಂದರಲ್ಲಿ ‘ಎಸ್’, ಸಿಡ್ನಿಯದು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸಿಡ್ನಿಯದರ ಒಂದು ಮಗ್ಗುಲು ಹೆಚ್ಚು ಸವೆದಿತ್ತು. ಅವರ ಅತ್ತೆ ಗದ್ದೆಗೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದರಂತೆ. ಅದನ್ನೂ ಬರೆದುಕೊಂಡೆ.